ಹರಳಿನ ಗುರುತು ಬಣ್ಣದಲ್ಲಿಲ್ಲ

ಭೂಮಿಯಲ್ಲಿ ತಾನಾಗಿ ರೂಪುಗೊಂಡ, ಗೊತ್ತಾದ ರಾಸಾಯನಿಕ ಸಂಯೋಜನೆಯುಳ್ಳ, ಪರಮಾಣುಗಳು ಒಂದು ಕ್ರಮದಲ್ಲಿ ಜೋಡಣೆಯಾದ ಘನವಸ್ತುವೇ ಖನಿಜ. ಇಂಥ ಸುಮಾರು 6,000 ಖನಿಜಗಳನ್ನು ವಿಜ್ಞಾನ ಇದುವರೆಗೆ ಗುರುತಿಸಿದೆ. ಅವುಗಳಲ್ಲಿ ನೋಡಲು ಚೆಂದವಿದ್ದು, ಸಾಣೆಗೆ ಒಗ್ಗಿ, ಮೈಮೇಲೆ ಧರಿಸಿದರೂ ಬಾಳಿಕೆ ಬರುವಂಥವು ಬೆರಳೆಣಿಕೆಯಷ್ಟು, ಅವೇ ರತ್ನಗಳು. ಕಲ್ಲು ಎನ್ನುವುದು ಸಾಮಾನ್ಯವಾಗಿ ಹಲವು ಖನಿಜಗಳ ಮಿಶ್ರಣ. ಗ್ರಾನೈಟಿನ ಒಂದು ಚೂರನ್ನು ಬಿಸಿಲಿಗೆ ಹಿಡಿದರೆ ಗಾಜಿನಂಥ ಬೆಣಚು, ಮಾಸಲು ಬಿಳಿ ಅಥವಾ ನಸುಗೆಂಪು ಫೆಲ್ಡ್‌ಸ್ಪಾರ್, ಮಿನುಗುವ ಅಭ್ರಕದ ಪದರ ಮೂರೂ ಬೇರೆಬೇರೆಯಾಗಿ ಕಾಣುತ್ತವೆ.

ಖನಿಜಗಳ ಸಂಗ್ರಹ ಶುರುಮಾಡಿದವರನ್ನು ಮೊದಲು ಮೋಸಗೊಳಿಸುವುದು ಬಣ್ಣ. ಶುದ್ಧ ಬೆಣಚುಕಲ್ಲಿಗೆ ಬಣ್ಣವೇ ಇಲ್ಲ. ಅದರೊಳಗೆ ಲೇಶಮಾತ್ರ ಕಬ್ಬಿಣ ಸೇರಿ, ಸುತ್ತಲಿನ ಬಂಡೆಯ ವಿಕಿರಣ ತಾಗಿದರೆ ನೇರಳೆಯಾಗಿ ಅಮೆಥಿಸ್ಟ್ ಎನಿಸಿಕೊಳ್ಳುತ್ತದೆ. ಅದನ್ನೇ ಕಾಯಿಸಿದರೆ ಹಲವು ಸಲ ಹಳದಿಗೆ ತಿರುಗುತ್ತದೆ. ಒಂದೇ ಖನಿಜಕ್ಕೆ ಹತ್ತು ಬಣ್ಣ, ಒಂದೇ ಬಣ್ಣಕ್ಕೆ ಹತ್ತು ಖನಿಜ ಎಂಬಂತಿರುವ ಈ ಲೋಕದಲ್ಲಿ ನಂಬಬೇಕಾದದ್ದು ಬೇರೆ ಗುಣಗಳನ್ನು.

ಅವುಗಳಲ್ಲಿ ಸುಲಭದ್ದು ಒರೆ. ಅಕ್ಕಸಾಲಿಗರು ಚಿನ್ನವನ್ನು ಒರೆಗಲ್ಲಿಗೆ ಉಜ್ಜಿ ನೋಡುವುದು ಎಲ್ಲರಿಗೂ ಗೊತ್ತು. ಖನಿಜತಜ್ಞರು ಒರೆಗಲ್ಲಿನ ಬದಲು ಹೊಳಪು ಲೇಪಿಸದ ಬಿಳಿ ಪಿಂಗಾಣಿ ಬಿಲ್ಲೆಯನ್ನು ಬಳಸುತ್ತಾರೆ. ಟೈಲ್ಸ್‌ನ ಒರಟು ಹಿಂಬದಿಯೂ ಸಾಕು. ಕಲ್ಲಿನ ಮೇಲ್ಮೈ ಹೇಗೇ ಇರಲಿ, ಅದರ ಪುಡಿಯ ಬಣ್ಣ ಬದಲಾಗುವುದು ಕಡಿಮೆ. ಸಂಡೂರಿನ ಹೆಮಟೈಟ್ ಅದಿರು ಉಕ್ಕಿನಂತೆ ಕಪ್ಪಗೆ ಹೊಳೆಯುತ್ತಿದ್ದರೂ ಬಿಲ್ಲೆಯ ಮೇಲೆ ಎಳೆದ ಗೆರೆ ಕೆಂಪುಗಂದು. ಗಣಿಗಾರಿಕೆಯ ಹೊತ್ತಿನಲ್ಲಿ ಆ ಸೀಮೆಯ ರಸ್ತೆಬದಿಯ ಗಿಡಮರಗಳನ್ನು ಕೆಂಪಾಗಿಸುವ ಧೂಳಿನ ಬಣ್ಣವೂ ಇದೇ. ಕುದುರೆಮುಖದ ಮ್ಯಾಗ್ನಟೈಟ್ ಕೂಡ ಕಬ್ಬಿಣದ ಆಕ್ಸೈಡೇ ಆದರೂ ಅದರ ಗೆರೆ ಕಪ್ಪು, ಜೊತೆಗೆ ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತದೆ. ಬಹಳ ಜನರನ್ನು ಚಿನ್ನವೆಂದು ನಂಬಿಸಿದ ಪೈರೈಟ್ ಹಸಿರು ಛಾಯೆಯ ಕಪ್ಪು ಗೆರೆ ಬಿಡುತ್ತದೆ. ನಿಜವಾದ ಚಿನ್ನದ ಗೆರೆ ಹಳದಿಯೇ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೂ ಗೊತ್ತಾಗುತ್ತದೆ: ಪೈರೈಟ್ ಪುಡಿಯಾಗುತ್ತದೆ, ಚಿನ್ನ ಚಪ್ಪಟೆಯಾಗುತ್ತದೆ.

ಎರಡನೆಯದು ಗಡಸುತನ. ಜರ್ಮನಿಯ ಫ್ರೆಡ್ರಿಕ್ ಮೋಸ್ 1812ರಲ್ಲಿ ಹತ್ತು ಖನಿಜಗಳನ್ನು ಸಾಲಾಗಿಟ್ಟು ಒಂದು ಅಳತೆಗೋಲು ಮಾಡಿದ. ಟಾಲ್ಕ್ 1, ಜಿಪ್ಸಮ್ 2, ಕ್ಯಾಲ್ಸೈಟ್ 3, ಫ್ಲೋರೈಟ್ 4, ಅಪಟೈಟ್ 5, ಫೆಲ್ಡ್‌ಸ್ಪಾರ್ 6, ಬೆಣಚು 7, ಟೋಪಾಜ್ 8, ಕುರಂದ 9, ವಜ್ರ 10. ಮೇಲಿನದು ಕೆಳಗಿನದನ್ನು ಗೀರುತ್ತದೆ, ಅಷ್ಟೇ ಇದರ ಸೂತ್ರ. ಕೈಬೆರಳಿನ ಉಗುರು ಸುಮಾರು 2.5, ಚಾಕುವಿನ ಅಲಗು ಮತ್ತು ಕಿಟಕಿಯ ಗಾಜು ಸುಮಾರು 5.5 ಎಂದಿಟ್ಟುಕೊಂಡರೆ ಮನೆಯಲ್ಲೇ ಪರೀಕ್ಷಿಸಬಹುದು. ಬೇಲೂರು, ಹಳೇಬೀಡಿನ ಶಿಲ್ಪಿಗಳು ಮದನಿಕೆಯರ ಕೊರಳ ಹಾರವನ್ನು ಅಷ್ಟು ಕುಸುರಿಯಾಗಿ ಬಿಡಿಸಲು ಸಾಧ್ಯವಾದದ್ದು ಈ ಸಾಲಿನ ಕೆಳತುದಿಯ ಮೆತ್ತನೆಯ ಖನಿಜಗಳಿಂದಾದ ಬಳಪದ ಕಲ್ಲಿನಿಂದ. ಮೋಸ್‌ನ ಅಂಕಿಗಳು ಬರಿಯ ಸ್ಥಾನಗಳು, ಸಮಾನ ಮೆಟ್ಟಿಲುಗಳಲ್ಲ. 9 ಮತ್ತು 10ರ ನಡುವಿನ ಅಂತರ ಬಹಳ ದೊಡ್ಡದು. ವಜ್ರ ಕುರಂದಕ್ಕಿಂತ ಹಲವು ಪಟ್ಟು ಗಡಸು.

ಗಡಸು ಎಂದರೆ ಒಡೆಯದ್ದು ಎಂದಲ್ಲ. ನಿಜವಾದ ವಜ್ರ ಸುತ್ತಿಗೆಯ ಪೆಟ್ಟಿಗೂ ಜಗ್ಗದು ಎಂಬ ಹಳೆಯ ನಂಬಿಕೆಗೆ ಬಲಿಯಾದ ಒಳ್ಳೆಯ ಹರಳುಗಳೆಷ್ಟೋ. ಪರಮಾಣುಗಳ ಬಂಧ ದುರ್ಬಲವಿರುವ ದಿಕ್ಕಿನಲ್ಲಿ ಹರಳು ನುಣುಪಾಗಿ ಸೀಳುತ್ತದೆ. ವಜ್ರಕ್ಕೆ ಇಂಥ ನಾಲ್ಕು ದಿಕ್ಕುಗಳಿವೆ. ಹಳ್ಳಿಗಳಲ್ಲಿ ಕಾಗೆಬಂಗಾರವೆಂದು ಕರೆಯುವ ಅಭ್ರಕಕ್ಕೆ ಒಂದೇ ದಿಕ್ಕು, ಅದಕ್ಕೇ ಅದು ಹಾಳೆಹಾಳೆಯಾಗಿ ಬಿಡಿಸಿಕೊಳ್ಳುತ್ತದೆ. ಕಲ್ಲುಪ್ಪಿನ ಹರಳು ಒಡೆದಾಗ ಮತ್ತೆ ಚೌಕಾಕಾರದ ಚೂರುಗಳೇ ಆಗುತ್ತವೆ. ಬೆಣಚುಕಲ್ಲಿಗೆ ಸ್ಪಷ್ಟವಾದ ಸೀಳುಗಳಿಲ್ಲ. ಒಡೆದ ಜಾಗದಲ್ಲಿ ಚಿಪ್ಪಿನ ಒಳಮೈಯಂಥ ಬಾಗಿದ ತಗ್ಗು ಉಳಿಯುತ್ತದೆ.

ಮೂರನೆಯ ಗುಣ ಸಾಂದ್ರತೆ. ಇದಕ್ಕೆ ತಕ್ಕಡಿ ಮತ್ತು ಒಂದು ಲೋಟ ನೀರು ಸಾಕು, ಹರಳಿಗೆ ಗೀರೂ ಬೀಳುವುದಿಲ್ಲ. ಮೊದಲು ಹಾಗೆಯೇ ತೂಗಿ, ಆಮೇಲೆ ದಾರದಲ್ಲಿ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಬೇಕು. 40 ಗ್ರಾಂ ತೂಗಿದ ಕೆಂಪು ಕಲ್ಲು ನೀರಿನಲ್ಲಿ 30 ಗ್ರಾಂ ತೂಗಿದರೆ ಇಳಿದದ್ದು 10 ಗ್ರಾಂ; 40ನ್ನು 10ರಿಂದ ಭಾಗಿಸಿದರೆ 4 ಬರುತ್ತದೆ, ಅದು ಮಾಣಿಕ್ಯದ ಖನಿಜವಾದ ಕುರಂದದ ಸಾಂದ್ರತೆ. ಭಾಗಿಸಿದಾಗ 3.6 ಬಂದಿದ್ದರೆ ಸ್ಪಿನೆಲ್ ಎಂಬ ಇನ್ನೊಂದು ಖನಿಜವಿರಬಹುದು, 2.5ರ ಆಸುಪಾಸಿದ್ದರೆ ಬಣ್ಣದ ಗಾಜಿನ ಅನುಮಾನ. ವಜ್ರದ ಸಾಂದ್ರತೆ 3.52. ಅಂಗಡಿಗಳಲ್ಲಿ ‘ಅಮೆರಿಕನ್ ಡೈಮಂಡ್’ ಹೆಸರಿನಲ್ಲಿ ಮಾರುವ ಕ್ಯೂಬಿಕ್ ಜಿರ್ಕೋನಿಯಾ 5.6ಕ್ಕೂ ಮೇಲೆ, ಆದ್ದರಿಂದ ಅದೇ ಗಾತ್ರದ ವಜ್ರಕ್ಕಿಂತ ಅದರ ತೂಕ ಹೆಚ್ಚು. ಸೀಸದ ಅದಿರಾದ ಗೆಲೀನಾ (7.5) ಕೈಗೆತ್ತಿಕೊಂಡ ಕೂಡಲೇ ಭಾರದಿಂದಲೇ ತನ್ನ ಪರಿಚಯ ಹೇಳುತ್ತದೆ.

ಬೆಳಕಿನ ವರ್ತನೆ ಇನ್ನೂ ಸೂಕ್ಷ್ಮ ಸಾಕ್ಷಿ. ತಿಳಿಯಾದ ಕ್ಯಾಲ್ಸೈಟ್ ಹರಳನ್ನು ಪತ್ರಿಕೆಯ ಮೇಲಿಟ್ಟರೆ ಪ್ರತಿ ಅಕ್ಷರವೂ ಎರಡೆರಡಾಗಿ ಕಾಣುತ್ತದೆ. ಡೆನ್ಮಾರ್ಕಿನ ಬಾರ್ಥೊಲಿನ್ ಇದನ್ನು 1669ರಲ್ಲಿ ವಿವರಿಸಿದ. ಮಾಣಿಕ್ಯವೂ ಬೆಳಕನ್ನು ಹೀಗೆ ಎರಡಾಗಿ ಸೀಳುತ್ತದೆ, ಆದರೆ ಬರಿಗಣ್ಣಿಗೆ ಕಾಣದಷ್ಟು ಅಲ್ಪ. ಸ್ಪಿನೆಲ್ ಸೀಳುವುದಿಲ್ಲ. ಈ ಭೇದ ತಿಳಿಯದ ಕಾಲದಲ್ಲಿ ಬ್ರಿಟನ್ನಿನ ರಾಜಕಿರೀಟ ಸೇರಿದ ‘ಬ್ಲ್ಯಾಕ್ ಪ್ರಿನ್ಸ್‌ನ ಮಾಣಿಕ್ಯ’ ಅಸಲಿಗೆ ಸ್ಪಿನೆಲ್.

ಈ ಪರೀಕ್ಷೆಗಳನ್ನು ನವರತ್ನಗಳಿಗೆ ಹಚ್ಚಿದರೆ ಪರಿಚಿತ ಪಟ್ಟಿ ಬೇರೆಯೇ ಆಗಿ ಕಾಣುತ್ತದೆ. ಮುತ್ತು, ಹವಳ ಎರಡೂ ಕಡಲಜೀವಿಗಳಿಂದ ಬಂದವು; ಹರಳಾಗಿ ನೆಲದಲ್ಲಿ ಬೆಳೆದವಲ್ಲ. ಮಾಣಿಕ್ಯ ಮತ್ತು ನೀಲ ಎರಡೂ ಒಂದೇ ಕುರಂದ, ಅಂದರೆ ಅಲ್ಯುಮಿನಿಯಂ ಆಕ್ಸೈಡ್. ಅಲ್ಪ ಕ್ರೋಮಿಯಂ ಸೇರಿದರೆ ಕೆಂಪು, ಕಬ್ಬಿಣ ಹಾಗೂ ಟೈಟಾನಿಯಂ ಜೊತೆಯಾದರೆ ನೀಲಿ. ಇಂದು ಪುಷ್ಯರಾಗವೆಂದು ಹೆಚ್ಚಾಗಿ ಮಾರಾಟವಾಗುವ ಹಳದಿ ಹರಳೂ ಕುರಂದವೇ. ಒಂಬತ್ತರಲ್ಲಿ ಮೂರು ರತ್ನಗಳು ಒಡಹುಟ್ಟುಗಳು ಎಂದ ಹಾಗಾಯಿತು. ಪಚ್ಚೆ ಬೆರಿಲ್ ಎಂಬ ಖನಿಜ, ಗೋಮೇಧಿಕ ಗಾರ್ನೆಟ್ ಬಳಗದ್ದು, ವೈಡೂರ್ಯ ಕ್ರೈಸೊಬೆರಿಲ್, ವಜ್ರ ಬರಿಯ ಇಂಗಾಲ.

ಕುರಂದದ ಇನ್ನೊಂದು ಸೊಬಗು ನಕ್ಷತ್ರ. ಹರಳಿನೊಳಗೆ ಅತಿ ಸಣ್ಣ ಖನಿಜಸೂಜಿಗಳು ಮೂರು ದಿಕ್ಕಿನಲ್ಲಿ ಮಲಗಿದ್ದಾಗ, ಗುಮ್ಮಟದಂತೆ ಸಾಣೆ ಹಿಡಿದ ಮೇಲ್ಮೈ ಮೇಲೆ ಆರು ಕಿರಣಗಳು ಮೂಡಿ, ದೀಪ ಆಡಿಸಿದಂತೆ ಸರಿಯುತ್ತವೆ. ಮೈಸೂರು ಸೀಮೆಯ ಮಾಣಿಕ್ಯಗಳು ಹೆಚ್ಚಿನಂಶ ಅಪಾರದರ್ಶಕವಾದರೂ ಅವಕ್ಕೆ ಹೆಸರು ಬಂದದ್ದು ಈ ನಕ್ಷತ್ರದಿಂದಲೇ.

ಮಾಣಿಕ್ಯವನ್ನು ಕೃತಕವಾಗಿಯೂ ಬೆಳೆಸಬಹುದು. ಫ್ರಾನ್ಸಿನ ಆಗಸ್ಟ್ ವರ್ನೂಯಿ 1902ರಲ್ಲಿ ಅಲ್ಯುಮಿನಿಯಂ ಆಕ್ಸೈಡಿನ ಪುಡಿಯನ್ನು ಜ್ವಾಲೆಯಲ್ಲಿ ಕರಗಿಸಿ ಮಾಣಿಕ್ಯ ಬೆಳೆಸುವ ವಿಧಾನ ಪ್ರಕಟಿಸಿದ. ಹಾಗೆ ಬೆಳೆಸಿದ ಹರಳಿನ ಗಡಸುತನ, ಸಾಂದ್ರತೆ ಎಲ್ಲವೂ ಗಣಿಯ ಮಾಣಿಕ್ಯದ್ದೇ, ಹೀಗಾಗಿ ತಕ್ಕಡಿಯ ಪರೀಕ್ಷೆ ಇಲ್ಲಿ ನಡೆಯದು. ಭೂತಗನ್ನಡಿಯಲ್ಲಿ ಬೆಳವಣಿಗೆಯ ಗೆರೆಗಳನ್ನು ನೋಡಬೇಕು: ಗಣಿಯದ್ದಕ್ಕೆ ನೇರ ಗೆರೆ, ಜ್ವಾಲೆಯದ್ದಕ್ಕೆ ಬಾಗಿದ ಗೆರೆ.

ಗುರುತಿಸಿದ ಮೇಲೆ ಕಾಪಾಡುವ ಕೆಲಸ. ಬೆಣಚಿನ ಪಕ್ಕ ಫ್ಲೋರೈಟ್ ಇಟ್ಟರೆ ಗೀರು ಬೀಳುವುದು ಖಂಡಿತ. ಒಂದೊಂದಕ್ಕೂ ಬೇರೆ ಗೂಡು ಬೇಕು. ಅಮೆಥಿಸ್ಟ್ ಬಿಸಿಲಿಗೆ ಮಾಸುತ್ತದೆ. ಕೆಂಪು ಮನಶ್ಶಿಲೆ ಬೆಳಕಿಗೆ ಹಳದಿ ಪುಡಿಯಾಗಿ ಉದುರುತ್ತದೆ. ಪೈರೈಟಿನ ಕೆಲವು ಮಾದರಿಗಳು ಮಳೆಗಾಲದ ತೇವಕ್ಕೆ ಕೊಳೆತು ಗಂಧಕಾಮ್ಲ ಬಿಡುಗಡೆ ಮಾಡಿ, ಕೆಳಗಿಟ್ಟ ಹೆಸರುಚೀಟಿಯನ್ನೇ ತಿಂದುಹಾಕುತ್ತವೆ. ಆ ಚೀಟಿ ಹೋದರೆ ನಷ್ಟ ದೊಡ್ಡದು. ಖನಿಜ ಯಾವುದೆಂದು ಮತ್ತೆ ಪರೀಕ್ಷಿಸಿ ತಿಳಿಯಬಹುದು. ಅದು ಹಟ್ಟಿಯ ಗಣಿಯದ್ದೋ, ಪುಣೆ ಬಳಿಯ ಕ್ವಾರಿಯದ್ದೋ ಎಂದು ಕಲ್ಲು ಹೇಳುವುದು ಅಪರೂಪ. ಅದಕ್ಕಾಗಿ ಸಂಗ್ರಹಾಲಯಗಳಲ್ಲಿ ಮಾದರಿಯ ಮೂಲೆಗೆ ಬಿಳಿ ಬಣ್ಣದ ಬೊಟ್ಟಿಟ್ಟು ಅದರ ಮೇಲೆ ಸಂಖ್ಯೆ ಬರೆಯುತ್ತಾರೆ; ಅದೇ ಸಂಖ್ಯೆಯಡಿ ಖನಿಜದ ಹೆಸರು, ಸಿಕ್ಕ ಜಾಗ, ದಿನಾಂಕ ರಿಜಿಸ್ಟರಿನಲ್ಲಿರುತ್ತವೆ. ಪಾದರಸದ ಇಂಗಳೀಕ, ಸೀಸದ ಗೆಲೀನಾ ಮುಟ್ಟಿದ ಮೇಲೆ ಕೈ ತೊಳೆಯಲೇಬೇಕು, ಕಲ್ನಾರಿನ ಮಾದರಿಯನ್ನು ಮುಚ್ಚಿದ ಡಬ್ಬಿಯಿಂದ ಹೊರತೆಗೆಯಲೇಬಾರದು.