ಗುಡ್ಡವಾದ ಗುಡಿ, ಬರಿದಾಗದ ಊರು

ಮೆಕ್ಸಿಕೊದ ಪುಯೆಬ್ಲಾ ರಾಜ್ಯದ ಚೊಲುಲಾದಲ್ಲಿ ಹುಲ್ಲು, ಮರ ಬೆಳೆದ ಗುಡ್ಡವೊಂದಿದೆ. ನೆತ್ತಿಯಲ್ಲಿ ಚರ್ಚು, ದೂರದಲ್ಲಿ ಪೊಪೊಕಾಟೆಪೆಟ್ಲ್ ಜ್ವಾಲಾಮುಖಿ. ಈ ಗುಡ್ಡ ಮನುಷ್ಯರು ಹಸಿ ಇಟ್ಟಿಗೆ ಪೇರಿಸಿ ಕಟ್ಟಿದ ಪಿರಮಿಡ್. ಬುಡದ ಒಂದೊಂದು ಬದಿ ಸುಮಾರು 400 ಮೀಟರ್. ಗಾತ್ರದಲ್ಲಿ ಇದಕ್ಕಿಂತ ದೊಡ್ಡ ಪಿರಮಿಡ್ ಜಗತ್ತಿನಲ್ಲಿಲ್ಲ.

ಇದು ಒಬ್ಬ ಅರಸನ ಅಪ್ಪಣೆಯಿಂದ ಎದ್ದದ್ದಲ್ಲ. ಕ್ರಿ.ಪೂ. 3ನೇ ಶತಮಾನದ ಸುಮಾರಿಗೆ ಶುರುವಾದ ಕೆಲಸ ಶತಮಾನಗಳ ಕಾಲ ಹಂತಹಂತವಾಗಿ ನಡೆಯಿತು. ಹೊಸದನ್ನು ಕಟ್ಟುವವರು ಹಳೆಯ ಗುಡಿಯನ್ನು ನೆಲಸಮ ಮಾಡದೆ, ಅದನ್ನು ಒಡಲಲ್ಲಿಟ್ಟುಕೊಂಡೇ ಮೇಲೊಂದು ದೊಡ್ಡ ಗುಡಿ ಎಬ್ಬಿಸಿದರು. ಹಾಗಾಗಿ ಒಳಗಿನ ಗೋಡೆಗಳು ಬಣ್ಣದ ಸಮೇತ ಉಳಿದವು. ಇಳಿಜಾರು ಗೋಡೆಯ ಮೇಲೆ ಚೌಕಟ್ಟಿನ ಫಲಕ ಕೂರಿಸುವ ಟಿಯೋಟಿಹುವಾಕಾನ್ ರೀತಿ ಒಂದು ಹಂತದಲ್ಲಿ ಕಂಡರೆ, ಇನ್ನೊಂದರಲ್ಲಿ ನಾಲ್ಕೂ ದಿಕ್ಕಿಗೆ ಮೆಟ್ಟಿಲುಗಳಿವೆ. ನೆರೆಯ ಮಹಾನಗರ ಟಿಯೋಟಿಹುವಾಕಾನಿನಿಂದ ಕಲಿತೂ ತಮ್ಮ ದಾರಿ ಬಿಡದವರು ಇವರು ಎಂದೇ ನನಗೆ ತೋರುತ್ತದೆ.

ತುದಿಯಲ್ಲಿ ಚರ್ಚು ಇರುವಾಗ ಮೇಲಿನಿಂದ ಅಗೆಯುವುದು ಹೇಗೆ? 1931ರಲ್ಲಿ ವಾಸ್ತುಶಿಲ್ಪಿ ಇಗ್ನಾಸಿಯೊ ಮಾರ್ಕಿನಾ ಪಕ್ಕದಿಂದ ಸುರಂಗ ಕೊರೆಸಲು ತೊಡಗಿದರು. ಕಾಲಕ್ರಮೇಣ ಸುರಂಗಗಳ ಉದ್ದ ಸುಮಾರು 8 ಕಿಲೋಮೀಟರಿಗೆ ಮುಟ್ಟಿತು. 1969ರಲ್ಲಿ ಸಿಕ್ಕಿದ ಭಿತ್ತಿಚಿತ್ರವಂತೂ 50 ಮೀಟರಿಗೂ ಉದ್ದ. ಅದರ ತುಂಬ ಭೂತಾಳೆ ರಸದ ಹೆಂಡ ಪುಲ್ಕೆ ಕುಡಿಯುತ್ತಿರುವ ಜನ: ಕೆಲವರು ಬಟ್ಟಲು ಎತ್ತಿದ್ದಾರೆ, ಕೆಲವರು ಒರಗಿ ಕೂತಿದ್ದಾರೆ. ಯುದ್ಧವನ್ನೂ ಬಲಿಯನ್ನೂ ಬಿಟ್ಟು ಆ ಕಲಾವಿದರು ತಮ್ಮ ಜನರ ಕೂಟವನ್ನು ಇಷ್ಟು ದೊಡ್ಡದಾಗಿ ಬರೆದದ್ದು ನನಗೆ ಬಹಳ ಹಿಡಿಸುತ್ತದೆ.

7–8ನೇ ಶತಮಾನದ ಆಸುಪಾಸು ಏನಾಯಿತು ಎಂಬುದೇ ದೊಡ್ಡ ಚರ್ಚೆ. ಊರು ಬರಿದಾಯಿತು ಎಂದು ಹಿಂದಿನ ಅನೇಕ ವಿದ್ವಾಂಸರು ನಂಬಿದ್ದರು. ಜೆಫ್ರಿ ಮೆಕ್ಯಾಫರ್ಟಿಯಂಥ ಪುರಾತತ್ವಜ್ಞರು ಮಡಕೆ ಚೂರು, ಮನೆಯ ನೆಲಗಟ್ಟುಗಳನ್ನು ಮತ್ತೆ ಪರಿಶೀಲಿಸಿ, ವಾಸ ನಿಂತಿರಲಿಲ್ಲ ಎಂದು ವಾದಿಸಿದರು. ಅವರ ವಾದಕ್ಕೆ ನನ್ನ ಒಲವಿದೆ. ರಾಜಕೀಯ, ಕಲೆ, ಜನ ಬದಲಾದ ಮಾತ್ರಕ್ಕೆ ಮನೆಯ ಒಲೆಗಳೆಲ್ಲ ಆರಿಹೋಗಬೇಕೆಂದೇನಿಲ್ಲ. ಮುಂದೆ ಪೂಜೆಯ ಕೇಂದ್ರ ಕ್ವೆಟ್ಜಲ್‌ಕೋಟ್ಲ್ ದೇವರ ಗುಡಿಗೆ ಸರಿಯಿತು. ಪಿರಮಿಡ್ಡಿನ ಮೇಲೆ ಗಿಡಗಂಟಿ ಬೆಳೆಯಿತು, ಆದರೂ ತುದಿಯಲ್ಲಿ ಮಳೆದೇವತೆಗೆ ಪೂಜೆ ಸಲ್ಲುತ್ತಿತ್ತು.

1519ರ ಅಕ್ಟೋಬರಿನಲ್ಲಿ ಸ್ಪೇನಿನ ದಂಡನಾಯಕ ಎರ್ನಾನ್ ಕೋರ್ಟೆಸನ ಪಡೆ ಇಲ್ಲಿ ಸಾವಿರಾರು ಜನರನ್ನು ಕೊಂದಿತು. ಕ್ವೆಟ್ಜಲ್‌ಕೋಟ್ಲ್ ಗುಡಿಯ ಜಾಗದಲ್ಲಿ ಫ್ರಾನ್ಸಿಸ್ಕನ್ ಮಠ ಎದ್ದಿತು, ಗುಡ್ಡದ ತುದಿಯಲ್ಲಿ ರೆಮೆಡಿಯೋಸ್ ಮಾತೆಯ ಚರ್ಚು. ಸೆಪ್ಟೆಂಬರಿನಲ್ಲಿ ಭಕ್ತರು ಇಂದಿಗೂ ಆ ಗುಡ್ಡ ಹತ್ತುತ್ತಾರೆ. ಹಬ್ಬಗಳ ಹೊಣೆಯನ್ನು ಊರಿನ ಕೇರಿಗಳವರು ಹಂಚಿಕೊಳ್ಳುತ್ತಾರೆ. 2014ರಲ್ಲಿ ಪಿರಮಿಡ್ಡಿನ ಸುತ್ತಲಿನ ಹೊಲಗಳನ್ನು ವಶಪಡಿಸಿಕೊಂಡು ಉದ್ಯಾನ ಮಾಡಲು ಸರ್ಕಾರ ಹೊರಟಾಗ, ಬೀದಿಗಿಳಿದು ವಿರೋಧಿಸಿದವರು ಇದೇ ಊರಿನವರು.