ಕಿಟಕಿಯಿಂದ ಹೊರಟ ಸಂತ

ಸಂತರೊಬ್ಬರ ದೇಹವನ್ನು ರಾತ್ರೋರಾತ್ರಿ ಕಿಟಕಿಯಿಂದ ಇಳಿಸಿ, ದೋಣಿಯಲ್ಲಿ ಸಾಗಿಸಿದ ಊರು ಇದು!

ಫ್ರಾನ್ಸಿನ ಕಾಂದ್-ಸ್ಯಾಂ-ಮಾರ್ತ್ಯಾಂ. ವಿಯೆನ್ ನದಿ ಲುವಾರ್ ನದಿಯನ್ನು ಕೂಡುವ ಸಂಗಮದಲ್ಲಿರುವ ಪುಟ್ಟ ಹಳ್ಳಿ.

ಕ್ರಿ.ಶ. 397ರ ನವೆಂಬರ್. ಇಲ್ಲಿನ ಪಾದ್ರಿಗಳ ಜಗಳ ಬಿಡಿಸಲು ಬಂದಿದ್ದ ತೂರ್ ನಗರದ ಬಿಷಪ್ ಮಾರ್ಟಿನ್ ಇಲ್ಲೇ ಕೊನೆಯುಸಿರೆಳೆದರು. ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತಮ್ಮ ಮೇಲಂಗಿಯನ್ನೇ ಕತ್ತರಿಸಿ ಅರ್ಧ ಕೊಟ್ಟರೆಂದು ಜಗತ್ತು ನೆನೆಯುವ ಸಂತ ಇವರೇ.

ಹಾಗಾದರೆ ದೇಹ ಯಾರಿಗೆ ಸೇರಬೇಕು? "ನಮ್ಮ ಬಿಷಪ್" ಅಂದರು ತೂರ್‌ನವರು. "ಮೊದಲು ನಮ್ಮಲ್ಲಿ ಸನ್ಯಾಸಿಯಾಗಿದ್ದವರು" ಅಂದರು ಪ್ವಾತಿಯೇ ನಗರದವರು. ಮುಂದಿನದನ್ನು 6ನೇ ಶತಮಾನದಲ್ಲಿ ಬರೆದಿಟ್ಟವರು ತೂರ್‌ನ ಗ್ರೆಗರಿ: ಕಾವಲಿದ್ದ ಪ್ವಾತಿಯೇಯವರು ನಡುರಾತ್ರಿ ನಿದ್ದೆಹೋದರು. ತೂರ್‌ನವರು ದೇಹವನ್ನು ಕಿಟಕಿಯಿಂದ ದಾಟಿಸಿ, ದೋಣಿಯಲ್ಲಿಟ್ಟು, ವಿಯೆನ್‌ನಿಂದ ಲುವಾರ್‌ಗೆ ಇಳಿದು ಊರಿನತ್ತ ಸಾಗಿದರು.

ದೋಣಿ ಹೋದಂತೆ ದಡದ ಗಿಡಮರಗಳು ನವೆಂಬರಿನಲ್ಲೇ ಹೂಬಿಟ್ಟವು ಅನ್ನುತ್ತದೆ ಐತಿಹ್ಯ. ಇಂದಿಗೂ ಫ್ರೆಂಚರು ನವೆಂಬರಿನ ಬೆಚ್ಚನೆಯ ದಿನಗಳನ್ನು 'ಸಂತ ಮಾರ್ಟಿನರ ಬೇಸಿಗೆ' ಎಂದೇ ಕರೆಯುತ್ತಾರೆ.

ಸಂತರು ಕಣ್ಮುಚ್ಚಿದ ಜಾಗದ ನೆನಪಿಗೆ 12-13ನೇ ಶತಮಾನದಲ್ಲಿ ಎದ್ದ ದೊಡ್ಡ ಚರ್ಚು, 15ನೇ ಶತಮಾನದಲ್ಲಿ ಕೋಟೆಯಂತೆ ಬಲಗೊಂಡಿತು. ಬಿಳಿಗಲ್ಲಿನ ಆ ಗೋಡೆಗಳು ಇವತ್ತಿಗೂ ಸಂಗಮವನ್ನು ಕಾಯುತ್ತಿವೆ.

ದೇಹ ತೂರ್‌ಗೆ ಹೋಯಿತು. 'ಸ್ಯಾಂ-ಮಾರ್ತ್ಯಾಂ', ಅಂದರೆ ಸಂತ ಮಾರ್ಟಿನ್, ಎಂಬ ಹೆಸರು ಮಾತ್ರ ಈ ಹಳ್ಳಿಯಲ್ಲೇ ಉಳಿಯಿತು.