ಚೆಕ್ಕುಬಂದಿಯಲ್ಲಿ ಬಸವನಗುಡಿ

ಮನೆಯ ಕ್ರಯಪತ್ರದ ಕೊನೆಗೆ ಷೆಡ್ಯೂಲು ಬರುತ್ತದೆ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಕನ್ಸರ್ವೆನ್ಸಿ ಗಲ್ಲಿ, ಉತ್ತರಕ್ಕೆ ಪಿಂಚಣಿದಾರ ಅಮಲ್ದಾರರೊಬ್ಬರ ಮನೆ, ದಕ್ಷಿಣಕ್ಕೆ ಖಾಲಿ ನಿವೇಶನ. ಹೀಗೆ ನಾಲ್ಕು ದಿಕ್ಕಿನ ಎಲ್ಲೆ ಹೇಳುವ ಭಾಗವೇ ಚೆಕ್ಕುಬಂದಿ. ಕೊಳ್ಳುವವರು ಅಳತೆ ನೋಡುತ್ತಾರೆ, ಬೆಲೆ ನೋಡುತ್ತಾರೆ; ಚೆಕ್ಕುಬಂದಿಯ ಮೇಲೆ ಕಣ್ಣಾಡಿಸಿ ಮುಂದೆ ಹೋಗುತ್ತಾರೆ. ಪತ್ರ ಬರಹಗಾರನಾಗಿ ಬೆಂಗಳೂರಿನ ಬಸವನಗುಡಿಯ ಮನೆಗಳ ಕಾಗದ ಓದುತ್ತಲೇ ವಯಸ್ಸಾದ ನನಗೆ, ಈ ಬಡಾವಣೆಯಲ್ಲಿ ಮೊದಲು ಮನೆ ಮಾಡಿದವರು ಯಾರೆಂದು ತೋರಿಸಿದ್ದು ಆ ನಾಲ್ಕು ಸಾಲುಗಳು. ಒಂದು ಮನೆಯ ಮೂಲಪತ್ರ ಗೆದ್ದಲಿಗೆ ಹೋಗಿದ್ದರೂ, ಅದರ ಒಡೆಯರ ಹೆಸರು ಪಕ್ಕದ ಮನೆಯ ಚೆಕ್ಕುಬಂದಿಯಲ್ಲಿ ಉಳಿದಿರುತ್ತದೆ.

ಇಲ್ಲಿ ಬಸವಣ್ಣನ ಗುಡಿ ಹಳೆಯದು. ಸುಂಕೇನಹಳ್ಳಿ, ಮಾವಳ್ಳಿ, ಗವಿಪುರ, ಗುಟ್ಟಹಳ್ಳಿಗಳೂ ಹಳೆಯವು. ಸಾಲುಬೀದಿಯ ಬಡಾವಣೆ ಮಾತ್ರ ಪ್ಲೇಗಿನ ಕಾಲದ ಕೂಸು. 1892ರಲ್ಲಿ ಕೋಟೆಯ ಪಕ್ಕ ಚಾಮರಾಜಪೇಟೆ ಎದ್ದಿತ್ತು. ಬಸವನಗುಡಿ, ಮಲ್ಲೇಶ್ವರಗಳ ಯೋಚನೆಯೂ ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲೇ ಮೊದಲಾಯಿತು. ಆದರೆ ಪೇಟೆಯ ಜನ ಅಂಗಡಿ, ದೇವಸ್ಥಾನ, ಬಂಧುಬಳಗ ಬಿಟ್ಟು ಊರಾಚೆಯ ಬಯಲಿಗೆ ಸುಲಭವಾಗಿ ಬರುತ್ತಾರೆಯೆ? 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು. ಚಿಕ್ಕಪೇಟೆ, ಬಳೇಪೇಟೆ, ತರಗುಪೇಟೆಗಳಲ್ಲಿ ಮನೆಗಳು ಗೋಡೆಗೆ ಗೋಡೆ ಹೊಂದಿಕೊಂಡಿದ್ದವು. ಇಲಿ ಬಿದ್ದ ಮನೆಯಿಂದ ಪಕ್ಕದ ಮನೆಗೆ ರೋಗ ದಾಟುವುದಕ್ಕೆ ಹೊತ್ತು ಬೇಕಿರಲಿಲ್ಲ. ಜನ ಮನೆಗೆ ಬೀಗ ಹಾಕಿ ಬಯಲಿನ ಗುಡಿಸಲುಗಳಿಗೆ ಹೋದರು. ಹಾಗೆ ಹೊರಗೆ ಬಂದವರಲ್ಲಿ ಕೈಯಲ್ಲಿ ನಾಲ್ಕು ಕಾಸಿದ್ದವರು ಹೊಸ ಬಡಾವಣೆಯತ್ತ ನೋಡಿದರು.

ಆ ಭಯ ಮನೆಗಳ ಮೈಯಲ್ಲೇ ಕಾಣುತ್ತದೆ. ಪೇಟೆಯ ಮನೆ ಜಗಲಿಯಿಂದ ನೇರ ಬೀದಿಗಿಳಿಯುತ್ತದೆ. ಬಸವನಗುಡಿಯ ಮನೆ ಹಾಗಲ್ಲ: ಮುಂದೆ ಕಾಂಪೌಂಡು, ಸುತ್ತ ಗಾಳಿ ಆಡುವಷ್ಟು ಜಾಗ, ಹಿಂದೆ ಹಿತ್ತಿಲು, ಬಾವಿ, ಹಂಡೆ ಹೂಡಿದ ಬಚ್ಚಲುಮನೆ. ಒಳಗೆ ನಡುಮನೆ, ದೇವರಮನೆ, ಅಡುಗೆಮನೆಗಳ ಕ್ರಮ ಹಳೆಯದೇ. ಹೊರಗೆ ಕಂಟೋನ್ಮೆಂಟಿನ ಬಂಗಲೆಗಳಿಂದ ಕಲಿತ ವರಾಂಡ, ಅದರ ಮೇಲೆ ಮರದ ಪಟ್ಟಿಗಳ ಚೂಪು ಮುಖ, ಜನ ಮಂಕಿ ಟಾಪ್ ಎಂದು ಕರೆದದ್ದು. ಸೂರಿಗೆ ಮಂಗಳೂರು ಹೆಂಚು, ಇಲ್ಲವೇ ಮದ್ರಾಸ್ ತಾರಸಿ. ಮದ್ರಾಸ್ ತಾರಸಿಯೆಂದರೆ ಮರದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಸುಣ್ಣದ ಗಾರೆಯಲ್ಲಿ ಓರೆಯಾಗಿ ಕೂರಿಸುತ್ತ ಹೋಗುವ ಕೆಲಸ. ಕಬ್ಬಿಣದ ಸಲಾಕೆ ಒಂದೂ ಇಲ್ಲದೆ ನೂರು ವರ್ಷ ನಿಂತ ಅಂಥ ತಾರಸಿಗಳ ಕೆಳಗೆ ಕೂತು ನಾನು ಪತ್ರ ಬರೆದಿದ್ದೇನೆ.

ಒಡೆಯರು ಯಾರು? ದೊಡ್ಡ ಶ್ರೀಮಂತರೆಂದುಕೊಂಡರೆ ತಪ್ಪು. ಸರ್ಕಾರದ ಇಲಾಖೆಗಳಿದ್ದ ಅಠಾರಾ ಕಚೇರಿಯ ಗುಮಾಸ್ತರು, ಶಾಲಾ ಮಾಸ್ತರರು, ವಕೀಲರು, ಇಂಜಿನಿಯರುಗಳು, ಪೇಟೆಯ ವರ್ತಕರು. ಮುಖ್ಯವಾಗಿ ಮೈಸೂರು ಸರ್ಕಾರದ ಪಿಂಚಣಿದಾರರು. ಜಿಲ್ಲೆ ಜಿಲ್ಲೆ ಸುತ್ತಿ ಸೇವೆ ಮಾಡಿ, ಕೊನೆಗೆ ಇಲ್ಲಿ ನೆಲೆ ನಿಂತವರು. ಸರ್ಕಾರಿ ನೌಕರಿ ಬಿಟ್ಟ ಕಥೆಗಾರ ಮಾಸ್ತಿಯವರು ಗವಿಪುರದಲ್ಲಿ ಬಾಳಿದ್ದನ್ನು ಎಲ್ಲರೂ ಬಲ್ಲರು. ಅವರ ಹಾಗೆ ಊರೂರು ಕಂಡು ಬಂದ, ಆದರೆ ಹೆಸರು ಯಾರಿಗೂ ನೆನಪಿಲ್ಲದ ಅಧಿಕಾರಿಗಳು ಬೀದಿಗೆ ಹತ್ತು ಜನ ಇದ್ದರು. ಮನೆ ಸಾಲದಿಂದ ಎದ್ದಿದ್ದರೆ ಭೋಗ್ಯಪತ್ರ, ಆಧಾರಪತ್ರಗಳು ಕಟ್ಟಿನೊಳಗೇ ಇರುತ್ತವೆ. ಸಾಲ ತೀರಿದೆ ಎಂಬ ಷರಾ ಓದುವಾಗ ಆ ಸಂಸಾರದ ನಿಟ್ಟುಸಿರು ಕೇಳಿದಂತಾಗಿ ನನಗೂ ಹಗುರವಾಗುತ್ತಿತ್ತು.

ಇನ್ನೊಂದನ್ನು ಮುಚ್ಚಿಡಬಾರದು. ಈ ಬಡಾವಣೆಗಳನ್ನು ಬಿಡಿಸಿದಾಗಲೇ ಬ್ಲಾಕುಗಳನ್ನು ಜಾತಿ, ಮತಗಳ ಲೆಕ್ಕದಲ್ಲಿ ವಿಂಗಡಿಸಿದ್ದರು. ರೋಗಕ್ಕೆ ಹೆದರಿ ಹೊಸ ಊರು ಕಟ್ಟಿದವರು ಹಳೆಯ ಕೇರಿಗಳ ಗೆರೆಗಳನ್ನು ನೇರ ಮಾಡಿ ಇಲ್ಲಿ ಮತ್ತೆ ಎಳೆದರು. ಬೀದಿಯೊಂದರ ಚೆಕ್ಕುಬಂದಿಗಳನ್ನು ಒಟ್ಟಿಗೆ ಇಟ್ಟು ಓದಿದರೆ ಹೆಸರುಗಳೇ ಅದನ್ನು ಹೇಳುತ್ತವೆ.

ಹೆಂಗಸರ ಹೆಸರು ಎಲ್ಲಿದೆ ಎಂದು ಹುಡುಕುವುದು ನನ್ನ ಅಭ್ಯಾಸ. ಹಳೆಯ ಪತ್ರಗಳಲ್ಲಿ ಅವರು ಇಂಥವರ ಹೆಂಡತಿ, ಇಂಥವರ ವಿಧವೆ. ಜೀವನಾಂಶಕ್ಕೆ, ವಾಸಕ್ಕೊಂದು ಕೋಣೆಗೆ ಬಾಧ್ಯರು. ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಸ್ತ್ರೀಯರ ಆಸ್ತಿ ಹಕ್ಕಿನ ಕಾಯ್ದೆ ತಂದಿತು. ಬ್ರಿಟಿಷ್ ಇಂಡಿಯಾ ಇನ್ನೂ ಯೋಚಿಸುತ್ತಿದ್ದಾಗಲೇ ಇಲ್ಲಿ ವಿಧವೆಗೆ, ಅವಿವಾಹಿತ ಮಗಳಿಗೆ ಪಾಲಿನ ಮಾತು ಬಂತು. ಪಾರೀಖತ್ತಿನ, ಎಂದರೆ ಪಾಲುಪತ್ರದ, ಕೊನೆಗೆ ಹೆಬ್ಬೆಟ್ಟಿನ ಗುರುತಲ್ಲ, ದುಂಡಗಿನ ಕನ್ನಡ ಅಕ್ಷರದಲ್ಲಿ ಒಬ್ಬ ಮಗಳ ರುಜು ಕಂಡಾಗಲೆಲ್ಲ ನನಗೆ ಆ ವರ್ಷ ನೆನಪಾಗುತ್ತದೆ.

ಇಷ್ಟೆಲ್ಲ ಹೇಳುವ ಕಾಗದ ಕೆಲವರ ವಿಷಯದಲ್ಲಿ ಮಾತ್ರ ಬಾಯಿ ಬಿಡುವುದಿಲ್ಲ. ಕ್ರಯಪತ್ರ ನಿಧಿ, ನಿಕ್ಷೇಪ, ಜಲ, ಪಾಷಾಣವೇ ಮೊದಲಾದ ಅಷ್ಟಭೋಗಗಳನ್ನು ಎಣಿಸುತ್ತದೆ. ನೂರಾರು ವರ್ಷದ ಹಿಂದಿನ ಶಾಸನದ ಮಾತೇ ಅದು. ಆದರೆ ಪಶ್ಚಿಮಕ್ಕೆ ಕನ್ಸರ್ವೆನ್ಸಿ ಗಲ್ಲಿ ಎಂದಷ್ಟೇ ಬರೆದು ನಿಲ್ಲುತ್ತದೆ. ಮನೆಯ ಹಿಂದಿನ ಕಕ್ಕಸಿನಿಂದ ಮಲ ಎತ್ತಲು ಪೌರಕಾರ್ಮಿಕರು ನಡೆದ ದಾರಿ ಅದು. ಮುಂಬಾಗಿಲಿಗೆ ಅವರು ಬರುವಂತಿರಲಿಲ್ಲ ಎಂದೇ ಆ ಗಲ್ಲಿಗಳನ್ನು ಬಿಡಿಸಿದ್ದು. ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದ್ದು 1970ರ ದಶಕದಲ್ಲಿ. ಅಲ್ಲಿಯವರೆಗೆ ಬಸವನಗುಡಿಯ ಆರೋಗ್ಯ ನಿಂತಿದ್ದು ಯಾವ ಪತ್ರದಲ್ಲೂ ಹೆಸರಿಲ್ಲದ ಆ ಜನರ ಮೇಲೆ. ಬಡಾವಣೆಯ ಚರಿತ್ರೆ ಬರೆಯುವವರು ಅವರ ಮೊಮ್ಮಕ್ಕಳನ್ನೂ ಕೂರಿಸಿಕೊಂಡು ಕೇಳಬೇಕು.

ಈಗ ಹಳೆಯ ಮನೆ ಇಳಿಸಿ ಫ್ಲ್ಯಾಟು ಎಬ್ಬಿಸುತ್ತಾರೆ. ಒಡೆಯರಿಗೆ ಸಿಗುವುದು ಭೂಮಿಯಲ್ಲಿ ಅವಿಭಜಿತ ಹಕ್ಕು. ಬದಲಾವಣೆ ಬೇಡವೆನ್ನುವ ಅಧಿಕಾರ ನನಗಿಲ್ಲ. ಹತ್ತು ಜನ ಪಾಲುದಾರರಿರುವ ಮನೆಯ ಸಂಕಟ ನಾನು ಬಲ್ಲೆ. ಕೇಳಿಕೊಳ್ಳುವುದಿಷ್ಟೆ: ಮೂಲಪತ್ರ, ಕಂದಾಯದ ರಸೀದಿ, ಖಾತಾ, ಪಾಲುಪತ್ರ, ಮನೆಯ ನಕ್ಷೆ, ಇವನ್ನೆಲ್ಲ ಕಟ್ಟಡದವರ ಕೈಗೆ ಕೊಡುವ ಮೊದಲು ನಕಲು ತೆಗೆದಿಟ್ಟುಕೊಳ್ಳಿ. ಮೂಲಪತ್ರ ಕಳೆದಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಋಣಭಾರ ಪತ್ರಕ್ಕೆ ಅರ್ಜಿ ಕೊಡಿ. ಅದರಲ್ಲಿ ಬರುವ ದಸ್ತಾವೇಜಿನ ನಂಬರು ಹಿಡಿದು ದೃಢೀಕೃತ ನಕಲು ಪಡೆಯಬಹುದು. ಬಂದ ಮೇಲೆ ಮೊದಲು ಚೆಕ್ಕುಬಂದಿ ಓದಿ, ಆಮೇಲೆ ಪಕ್ಕದ ಮನೆಯವರ ಕಾಗದವನ್ನೂ ಕೇಳಿ.